ಮೂರು ಕೊಯ್ಲಿನಲ್ಲಿ ಕಟ್ಟಿದ ಗೇಮಿಂಗ್ ಕಂಪ್ಯೂಟರ್: ಮೂರು ವರ್ಷದ ಬಳಕೆಯ ಅನುಭವ

2023ರ ಜನವರಿಯಲ್ಲಿ ಕಾಫಿ ಮಾರಿ ಬಂದ ಹಣದಲ್ಲಿ ಮಗಳ ಕಂಪ್ಯೂಟರಿಗೆಂದು ತೆಗೆದಿಡಲು ಸಾಧ್ಯವಾದದ್ದು 52 ಸಾವಿರ ರೂಪಾಯಿ. ಆಲ್ದೂರು ಕಡೆ ನಮ್ಮದೊಂದು ಸಣ್ಣ ತೋಟ. ಮಗಳು ಆಗಷ್ಟೇ ಚಿಕ್ಕಮಗಳೂರಿನಲ್ಲಿ ಬಿ.ಇ. ಕಂಪ್ಯೂಟರ್ ಸೈನ್ಸ್‌ಗೆ ಸೇರಿ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಓದಿಗೆ ಎಷ್ಟು ಬೇಕೋ ಆಟಕ್ಕೂ ಅಷ್ಟೇ ಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ಅಷ್ಟು ಹಣಕ್ಕೆ ಸಿಗುವ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಬೋರ್ಡಿಗೆ ಬೆಸುಗೆ ಹಾಕಿರುತ್ತವೆ. ಮೂರನೆಯ ವರ್ಷಕ್ಕೆ ಹಳೆಯದಾದರೆ ಇಡೀ ಯಂತ್ರವನ್ನೇ ಬದಲಿಸಬೇಕು. ನಮಗೆ ವರ್ಷಕ್ಕೊಮ್ಮೆ ಮಾತ್ರ ಕೈಗೆ ಹಣ ಬರುವುದರಿಂದ, ವರ್ಷಕ್ಕೊಂದು ಭಾಗ ಸೇರಿಸಿಕೊಂಡು ಹೋಗಬಹುದಾದ ಡೆಸ್ಕ್‌ಟಾಪ್ ಕಟ್ಟುವುದೆಂದು ತೀರ್ಮಾನಿಸಿದೆವು. ಕಾಳುಮೆಣಸಿನ ಬಳ್ಳಿ ನೆಡುವ ಮೊದಲು ಅದು ಹಬ್ಬುವ ಮರ ಗಟ್ಟಿಯಾಗಿದೆಯೇ ಎಂದು ನೋಡುತ್ತೇವೆ. ಇಲ್ಲಿ ಆ ಮರವೆಂದರೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್, ಅವುಗಳಿಗೆ ವಿದ್ಯುತ್ ಹಂಚುವ ಪವರ್ ಸಪ್ಲೈ, ಹೊರಗಿನ ಕ್ಯಾಬಿನೆಟ್. ಮೊದಲ ಕಂತಿನಲ್ಲಿ ಈ ಮೂರಕ್ಕೆ ಜಿಪುಣತನ ಮಾಡಬಾರದು ಎಂಬುದೊಂದೇ ನಾವು ಇಟ್ಟುಕೊಂಡ ನಿಯಮ.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡಿಗೆ, ತಾಯಿ ಮಗಳು ಬೆಳಗಿನ ಬಸ್ಸಿನಲ್ಲಿ ಹೋದೆವು. ಕೊಂಡದ್ದು ಇಷ್ಟು: ಗ್ರಾಫಿಕ್ಸ್ ಒಳಗೇ ಇರುವ ರೈಜೆನ್ 5 5600ಜಿ ಪ್ರೊಸೆಸರ್, ನಾಲ್ಕು ರ್‍ಯಾಮ್ ಕಿಂಡಿಗಳಿರುವ ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್, ಕಡತಗಳನ್ನು ಇಡಲು 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ವಿದ್ಯುತ್ ದಕ್ಷತೆಗೆ 80 ಪ್ಲಸ್ ಬ್ರಾಂಜ್ ದರ್ಜೆ ಪಡೆದ 650 ವ್ಯಾಟ್ ಪವರ್ ಸಪ್ಲೈ, ಮುಂಭಾಗಕ್ಕೆ ಜಾಲರಿ ಇರುವ ಕ್ಯಾಬಿನೆಟ್, 24 ಇಂಚಿನ ಮಾನಿಟರ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲಿಲ್ಲ.

ಒಂದು ಅಂಗಡಿಯವರು, ಕಾರ್ಡೇ ಇಲ್ಲದ ಮೇಲೆ 450 ವ್ಯಾಟಿನ ಅಗ್ಗದ ಸಪ್ಲೈ ಸಾಕು, 16 ಜಿಬಿಯ ಒಂದೇ ರ್‍ಯಾಮ್ ಹಾಕಿಸಿ ಎಂದು ಒತ್ತಾಯಿಸಿದರು. ಎರಡೂ ಸಲಹೆಗಳನ್ನು ಕೇಳದೇ ಇದ್ದದ್ದು ಒಳ್ಳೆಯದಾಯಿತು. 5600ಜಿಯ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಕಂಪ್ಯೂಟರಿನ ರ್‍ಯಾಮನ್ನೇ ಬಳಸುತ್ತದೆ. ಎರಡು ರ್‍ಯಾಮ್ ಜೋಡಿಯಾಗಿ ಕೆಲಸ ಮಾಡಿದರೆ ದಾರಿ ಅಗಲವಾಗುತ್ತದೆ, ಒಂದೇ ಇದ್ದರೆ ಆಟ ಕುಂಟುತ್ತದೆ. ಇದನ್ನು ಮಗಳು ಅಂಗಡಿಯಲ್ಲಿ ನಿಂತು ಅವರಿಗೇ ವಿವರಿಸಿದಾಗ ನನಗೆ ಹೆಮ್ಮೆಯಾಯಿತು.

ಮೊದಲ ವರ್ಷ ವ್ಯಾಲರಂಟ್ ಎಂಬ ಶೂಟಿಂಗ್ ಆಟ ಚಿತ್ರದ ಗುಣಮಟ್ಟದ ಕಡಿಮೆ ಹೊಂದಿಕೆಯಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಫ್ರೇಮ್, ಅಂದರೆ ಚಿತ್ರ, ಕೊಡುತ್ತಿತ್ತು. ದೊಡ್ಡ ಆಟಗಳು ಮಾತ್ರ ತೆವಳುತ್ತಿದ್ದವು, ಅದು ನಮಗೆ ಗೊತ್ತಿದ್ದದ್ದೇ. ಎರಡು ತಿಂಗಳ ನಂತರ, 3200ರ ವೇಗದ ರ್‍ಯಾಮ್ 2400ರಲ್ಲೇ ಓಡುತ್ತಿರುವುದನ್ನು ಮಗಳು ಕಂಡುಹಿಡಿದಳು. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಚಾಲು ಆಗುವಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶದಲ್ಲಿ, ಆ ಪೂರ್ತಿ ವೇಗ ಕೊಡಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ನಾವೇ ಚಾಲು ಮಾಡಬೇಕಿತ್ತು. ಕೊಟ್ಟ ಹಣದ ವೇಗ ಎರಡು ತಿಂಗಳು ಪೆಟ್ಟಿಗೆಯಲ್ಲೇ ಮಲಗಿತ್ತು. ಹೊಸದಾಗಿ ಕಟ್ಟುವವರು ಮೊದಲ ದಿನವೇ ಇದನ್ನು ನೋಡಿಕೊಳ್ಳಬೇಕು.

ಇನ್ನು ವಿದ್ಯುತ್ತಿನ ಮಾತು. ಮಲೆನಾಡಿನಲ್ಲಿ ಕಂಪ್ಯೂಟರ್ ಕಟ್ಟುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ ಎಂದು ಈಗ ನನಗೆ ಅನ್ನಿಸುತ್ತದೆ. ಆರಂಭದಲ್ಲಿ ಒಂದು 600 ವಿಎ ಯುಪಿಎಸ್ ಇಟ್ಟಿದ್ದೆವು. 600 ಎಂಬ ಅಂಕಿಯನ್ನು ನೋಡಿ ಸಾಕೆಂದುಕೊಂಡಿದ್ದೆ, ಆದರೆ ಅದು ಹೊರಬಲ್ಲದ್ದು 360 ವ್ಯಾಟ್ ಮಾತ್ರ. ಮರುವರ್ಷ ಗ್ರಾಫಿಕ್ಸ್ ಕಾರ್ಡ್ ಬಂದ ಮೇಲೆ ಆಟದ ನಡುವೆ ಮಾನಿಟರೂ ಸೇರಿ ಸುಮಾರು 270 ವ್ಯಾಟ್ ಎಳೆಯುವುದನ್ನು ಮೀಟರ್ ಹಾಕಿ ನೋಡಿದೆವು. ಕಾಗದದ ಲೆಕ್ಕದಲ್ಲಿ ಸರಿ. ಆದರೆ ಒಂದೂವರೆ ಮಳೆಗಾಲ ದುಡಿದ ಬ್ಯಾಟರಿಗೆ ಅಷ್ಟು ಶಕ್ತಿ ಉಳಿದಿರಲಿಲ್ಲ. ಕರೆಂಟ್ ಹೋದ ಕ್ಷಣವೇ ಒಮ್ಮೆ ಕೂಗಿ ಆರಿಹೋಗುತ್ತಿತ್ತು. ಅದಲ್ಲದೆ ಅಗ್ಗದ ಯುಪಿಎಸ್‌ಗಳು ಕೊಡುವ ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಕೆಲವು ಆಧುನಿಕ ಪವರ್ ಸಪ್ಲೈಗಳು ಸಹಿಸುವುದಿಲ್ಲ. 2024ರ ಮಳೆಗಾಲದಲ್ಲಿ ಮರಗಳು ಉರುಳಿ ದಿನಗಟ್ಟಲೆ ಕತ್ತಲೆಯಲ್ಲಿದ್ದ ಮೇಲೆ, ಶುದ್ಧ ಸೈನ್ ವೇವ್, ಅಂದರೆ ಮೆಟ್ಟಿಲಿಲ್ಲದ ನುಣುಪಾದ ಅಲೆ, ಕೊಡುವ 1000 ವಿಎ ಯುಪಿಎಸ್ ತಂದೆವು. ಅಂದಿನಿಂದ ಒಂದು ಸಲವೂ ಯಂತ್ರ ನಡುವೆ ನಿಂತಿಲ್ಲ.

ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ಥಿಂಗ್ ಕೂಡ ಸರಿಪಡಿಸಿಕೊಂಡೆವು. ಕಾಫಿ ಹೂವಿಗೆ ಕಾಯುವ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಮಗೆ ಮಳೆ ಬೇಕು, ಆದರೆ ಆ ಮಳೆ ಸಿಡಿಲಿನ ಜೊತೆಗೇ ಬರುತ್ತದೆ. ಗುಡುಗು ದೂರದಲ್ಲಿ ಕೇಳಿಸಿದ ಕೂಡಲೇ ಪ್ಲಗ್ ಕೀಳುವುದು ನಮ್ಮ ಮನೆಯ ಕಟ್ಟುನಿಟ್ಟು. ಯಾವ ಯುಪಿಎಸ್ಸೂ ಸಿಡಿಲನ್ನು ತಡೆಯಲಾರದು. ಹಾಗೆಯೇ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಕಂಪ್ಯೂಟರ್ ಓಡಿಸುತ್ತೇವೆ. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಜಾಲರಿಯ ಹಿಂದಿನ ಶೋಧಕವನ್ನು ತಿಂಗಳಿಗೊಮ್ಮೆ ತೊಳೆಯಲೇಬೇಕು. ಕಣದಲ್ಲಿ ಕಾಫಿ ಒಣಗುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ.

ಎರಡನೆಯ ಕೊಯ್ಲು ಮುಗಿದು, 2024ರ ಫೆಬ್ರವರಿಯಲ್ಲಿ ಸುಮಾರು 21 ಸಾವಿರಕ್ಕೆ 8 ಜಿಬಿಯ ಆರ್‌ಎಕ್ಸ್ 6600 ಕಾರ್ಡ್ ಕೊಂಡೆವು. ಕ್ಯಾಬಿನೆಟ್ ತೆರೆದು ಕಾರ್ಡ್ ಕೂರಿಸಿ, ಎಂಟು ಸೂಜಿಯ ಒಂದು ಕೇಬಲ್ ಸಿಕ್ಕಿಸಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. 132 ವ್ಯಾಟಿನ ಕಾರ್ಡಿಗೆ 650ರ ಸಪ್ಲೈ ಧಾರಾಳ. ಸೈಬರ್‌ಪಂಕ್ 2077 ಮಧ್ಯಮ ಹೊಂದಿಕೆಯಲ್ಲಿ ಸೆಕೆಂಡಿಗೆ 60 ಫ್ರೇಮ್‌ಗಳ ಆಸುಪಾಸಿನಲ್ಲಿ ಓಡಿದ ರಾತ್ರಿ ಮಗಳ ಮುಖ ನೋಡಬೇಕಿತ್ತು. ಅಗ್ಗವೆಂದು ಕೊಂಡ 75 ಹರ್ಟ್ಸ್ ಮಾನಿಟರಿನ, ಅಂದರೆ ಸೆಕೆಂಡಿಗೆ 75 ಸಲ ಮಾತ್ರ ಚಿತ್ರ ಬದಲಿಸುವ ಪರದೆಯ, ಬಗ್ಗೆ ಬೇಸರವಾದದ್ದೂ ಆಗಲೇ. ಹಗುರವಾದ ಆಟಗಳಲ್ಲಿ ಕಾರ್ಡ್ ಕೊಡುವ ಫ್ರೇಮ್‌ಗಳಲ್ಲಿ ಅರ್ಧದಷ್ಟೂ ಪರದೆಗೆ ಬರುವುದಿಲ್ಲ.

ಆದರೆ ಈ ಕಾರ್ಡಿನ ವಿಷಯದಲ್ಲಿ ನಿಜವಾಗಿ ಎಡವಿದ್ದು ಬೇರೆಡೆ. ಮೂರನೆಯ ವರ್ಷದಲ್ಲಿ ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಬಂತು. ಅಲ್ಲಿ ಬಳಸುವ ಬಹುಪಾಲು ಸಾಧನಗಳು ಎನ್‌ವಿಡಿಯಾ ಕಂಪನಿಯ ‘ಕೂಡಾ’ (CUDA) ಎಂಬ ತಂತ್ರಾಂಶವನ್ನು ನೆಚ್ಚಿಕೊಂಡಿವೆ, ಅದು ನಮ್ಮದರಂಥ ಎಎಂಡಿ ಕಂಪನಿಯ ಕಾರ್ಡಿನಲ್ಲಿ ನಡೆಯುವುದಿಲ್ಲ. ಮಗಳು ಕಾಲೇಜಿನ ಪ್ರಯೋಗಾಲಯದಲ್ಲಿ ಸರದಿ ಕಾದು ಕೆಲಸ ಮುಗಿಸಿದಳು. ಆಟಕ್ಕೆ ಮಾತ್ರವಾದರೆ ಆ ದರಕ್ಕೆ ಆರ್‌ಎಕ್ಸ್ 6600 ಅತ್ಯುತ್ತಮ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಾದರೆ ಇನ್ನೊಂದಿಷ್ಟು ಹಣ ಕೂಡಿಸಿ ಎನ್‌ವಿಡಿಯಾದ 12 ಜಿಬಿಯ ಆರ್‌ಟಿಎಕ್ಸ್ 3060 ಕೊಳ್ಳಬೇಕಿತ್ತು ಎಂದು ಇಂದಿಗೂ ಅನ್ನಿಸುತ್ತದೆ. ಕಾರ್ಡ್ ಕೊಳ್ಳುವ ಮೊದಲು ಮಕ್ಕಳ ಮುಂದಿನ ಸೆಮಿಸ್ಟರುಗಳ ವಿಷಯಪಟ್ಟಿ ನೋಡಿ.

2025ರ ಆರಂಭದಲ್ಲಿ ಕಾಫಿಗೆ ಹಿಂದೆಂದೂ ಕಾಣದ ದರ ಬಂತು. ಆ ಧೈರ್ಯದಲ್ಲಿ ಇನ್ನೆರಡು 8 ಜಿಬಿ ರ್‍ಯಾಮ್ ಮತ್ತು ರೈಜೆನ್ 7 5700ಎಕ್ಸ್3ಡಿ ಪ್ರೊಸೆಸರ್ ತಂದೆವು. ನಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟಿಗೆ ಎಎಂಡಿಯ ರೈಜೆನ್ ಮೊದಲು ಬಂದದ್ದು 2017ರಲ್ಲಿ, ಈ ಪ್ರೊಸೆಸರ್ ಬಂದದ್ದು 2024ರಲ್ಲಿ. ಹಳೆಯ ಬೋರ್ಡಿನ ಮೇಲೆಯೇ ಕೂರುತ್ತದೆ, ಬಯಾಸ್ ಮಾತ್ರ ಹೊಸದಾಗಬೇಕು. ಬಯಾಸ್ ಬದಲಿಸುವ ನಡುವೆ ಕರೆಂಟ್ ಹೋದರೆ ಬೋರ್ಡೇ ಸಾಯಬಹುದು. ಯುಪಿಎಸ್ ಪೂರ್ತಿ ಚಾರ್ಜ್ ಆಗುವವರೆಗೆ ಕಾದು, ಮೋಡವಿಲ್ಲದ ಬೆಳಗೊಂದನ್ನು ನೋಡಿ ಆ ಕೆಲಸ ಮಾಡಿದೆವು. ಆ ಐದು ನಿಮಿಷ ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ.

ಹಳೆಯ ಪ್ರೊಸೆಸರ್ ತೆಗೆಯುವಾಗಲೂ ಎಚ್ಚರ ಬೇಕು. ಎಎಂ4ರಲ್ಲಿ ಸೂಜಿಗಳಿರುವುದು ಪ್ರೊಸೆಸರಿನ ಹೊಟ್ಟೆಗೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚುವ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ ಕೂಲರ್ ಎತ್ತುವಾಗ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಸೂಜಿ ಬಾಗಿದರೆ ಮುಗಿಯಿತು. ಮಗಳು ಮೊದಲು ಹತ್ತು ನಿಮಿಷ ಆಟ ಓಡಿಸಿ ಪೇಸ್ಟ್ ಬೆಚ್ಚಗಾಗಿಸಿದಳು. ನಂತರ ಯಂತ್ರ ಆರಿಸಿ, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಿದಳು. ಹೊಸ ಪ್ರೊಸೆಸರಿನ ಜೊತೆ ಕೂಲರ್ ಬರುವುದಿಲ್ಲ, ಅದನ್ನು ಬೇರೆ ಕೊಳ್ಳಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಪ್ರೊಸೆಸರ್ ಬದಲಾದೊಡನೆ ವಿಂಡೋಸ್ ಅದನ್ನು ಕೇಳಬಹುದು.

ಈ ಮೂರನೆಯ ಕಂತು ಸಾರ್ಥಕವಾಯಿತೇ ಎಂಬುದರಲ್ಲಿ ನನಗೂ ಮಗಳಿಗೂ ಒಮ್ಮತವಿಲ್ಲ. ಕಾರ್ಡಿನ ಮೇಲೆ ಭಾರ ಹಾಕುವ ಆಟಗಳಲ್ಲಿ ಸರಾಸರಿ ಫ್ರೇಮ್ ಅಷ್ಟೇನೂ ಏರಲಿಲ್ಲ, ಈ ಕಂತಿಗೆ ಹಾಕಿದ 20 ಸಾವಿರ ಕಾರ್ಡಿಗೇ ಹೋಗಬೇಕಿತ್ತು ಎಂಬುದು ನನ್ನ ವಾದ. ಆದರೆ ನಡುನಡುವೆ ಬರುತ್ತಿದ್ದ ತಡವರಿಕೆ ಬಹುತೇಕ ನಿಂತಿತು ಎನ್ನುತ್ತಾಳೆ ಅವಳು, ಅದು ನಿಜ. 5600ಜಿಯಲ್ಲಿ 16 ಎಂಬಿ ಇದ್ದ ಮೂರನೆಯ ಹಂತದ ಕ್ಯಾಶ್, ಅಂದರೆ ಪ್ರೊಸೆಸರಿನ ಒಳಗೇ ಇರುವ ಅತಿವೇಗದ ಮೆಮೊರಿ, ಇದರಲ್ಲಿ 96 ಎಂಬಿ ಇದೆ. ಸಿಟೀಸ್ ಸ್ಕೈಲೈನ್ಸ್‌ನಲ್ಲಿ ಅವಳು ಕಟ್ಟುವ ಊರು ಈಗ ಎಷ್ಟು ಬೆಳೆದರೂ ಮೊದಲಿನಷ್ಟು ಮುಗ್ಗರಿಸುವುದಿಲ್ಲ. ರ್‍ಯಾಮ್ ಕೊಂಡದ್ದರ ಬಗ್ಗೆ ಮಾತ್ರ ಇಬ್ಬರದೂ ಒಂದೇ ಮಾತು, ಏಕೆಂದರೆ ಆ ವರ್ಷದ ಕೊನೆಯಲ್ಲಿ ರ್‍ಯಾಮ್ ದರ ಕೈಗೆಟುಕದಂತೆ ಏರಿತು.

ಇಂದು ಹೊಸದಾಗಿ ಕಟ್ಟುವವರಿಗೆ ನಮ್ಮ ಪಟ್ಟಿಯನ್ನೇ ಕೊಡಲಾರೆ. ಎಎಂ4ರ ಕಾಲ ಮುಗಿಯುತ್ತ ಬಂದಿದೆ. ಅದರ ನಂತರದ ಎಎಂ5 ಸಾಕೆಟ್ಟಿಗೆ ಕನಿಷ್ಠ 2027ರವರೆಗೆ ಹೊಸ ಪ್ರೊಸೆಸರ್ ತರುವುದಾಗಿ ಎಎಂಡಿ ಹೇಳಿದೆ, ಹಾಗಾಗಿ ಆ ಸಾಕೆಟ್ಟಿನ ಬಿ650 ಬೋರ್ಡಿನಿಂದ ಆರಂಭಿಸುವುದು ಸರಿ. ಅಲ್ಲಿ ಡಿಡಿಆರ್5 ರ್‍ಯಾಮ್ ಕಡ್ಡಾಯ, ಈಗಿನ ದರದಲ್ಲಿ ಅದೇ ದೊಡ್ಡ ಹೊರೆ. ಹಣ ಸಾಲದಿದ್ದರೆ ಮೊದಲ ವರ್ಷ ಗ್ರಾಫಿಕ್ಸ್ ಕಾರ್ಡನ್ನು ಬಿಡಿ, ಪವರ್ ಸಪ್ಲೈಯನ್ನು ಬಿಡಬೇಡಿ.

ತೆಗೆದ 5600ಜಿಯನ್ನು ಹಾಸನದಲ್ಲಿ ಓದುವ ನನ್ನ ತಂಗಿಯ ಮಗನಿಗೆ ಕೊಟ್ಟೆವು. ಅದರ ಸುತ್ತ ಅವನು ತನ್ನ ಮೊದಲ ಕಂಪ್ಯೂಟರ್ ಕಟ್ಟಿಕೊಂಡಿದ್ದಾನೆ. ನಮ್ಮಲ್ಲಿ ಈ ಸಲದ ಹಣ್ಣು ಪಲ್ಪಿಂಗ್ ಮುಗಿದು ಕಣದಲ್ಲಿ ಒಣಗುತ್ತಿದೆ. ಮಗಳಿಗೆ ಈಗ 16 ಜಿಬಿಯ ಆರ್‌ಟಿಎಕ್ಸ್ 5060 ಟಿಐ ಎಂಬ ಎನ್‌ವಿಡಿಯಾ ಕಾರ್ಡಿನ ಮೇಲೆ ಕಣ್ಣು. 650ರ ಸಪ್ಲೈಯೇ ಅದಕ್ಕೂ ಸಾಕು. ನಿನ್ನೆ ಸಂಜೆ ಕ್ಯಾಬಿನೆಟ್ ತೆರೆದು, ಅಳತೆಪಟ್ಟಿ ಹಿಡಿದು, ಕಾರ್ಡಿಗೆ 330 ಮಿಲಿಮೀಟರ್ ಜಾಗವಿದೆ ಎಂದು ತೋಟದ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾಳೆ.