16 ಇಂಚಿನ ಬ್ಯಾರೆಲ್‌ಗೆ ಮಿಡ್-ಲೆಂತ್ ಗ್ಯಾಸ್: ಎಡಗೈ ಶೂಟರ್ ಒಬ್ಬನ ವಿಮರ್ಶೆ

ಎಆರ್-15 ರೈಫಲ್‌ನಲ್ಲಿ ಖಾಲಿ ತೋಟೆ ಹಾರುವ ಕಿಂಡಿ ಬಲಗಡೆ ಇದೆ. ಎಡಭುಜಕ್ಕೆ ರೈಫಲ್ ಕೊಟ್ಟು ಹೊಡೆಯುವ ನನ್ನಂಥವರ ಮುಖ ಸರಿಯಾಗಿ ಆ ಕಿಂಡಿಯ ಹಿಂದೆಯೇ ಬರುತ್ತದೆ. ತೋಟೆ ಕೆನ್ನೆಗೆ ಬಡಿಯದ ಹಾಗೆ ಅಲ್ಲೊಂದು ಉಬ್ಬು ಕೊಟ್ಟಿದ್ದಾರೆ, ಹೊಗೆಗೆ ಮಾತ್ರ ತಡೆಯಿಲ್ಲ. ಹಳೆಯ ಕಾರ್ಬೈನ್-ಲೆಂತ್ (ಗಿಡ್ಡ ಗ್ಯಾಸ್ ಟ್ಯೂಬಿನ) ರೈಫಲ್‌ನಲ್ಲಿ ಒಂದೆರಡು ಮ್ಯಾಗಜೀನ್ ಮುಗಿಯುವಷ್ಟರಲ್ಲಿ ಕಣ್ಣು ಉರಿಯುತ್ತಿತ್ತು, ಕನ್ನಡಕದ ಗಾಜಿನ ಮೇಲೆ ಎಣ್ಣೆಯ ಸಣ್ಣ ಸಣ್ಣ ಹನಿ ಕೂತಿರುತ್ತಿತ್ತು. ಟೆಕ್ಸಸ್‌ನಲ್ಲಿ ನಾನು ಎರಡನೇ ರೈಫಲ್ ಜೋಡಿಸಿಕೊಳ್ಳಲು ಇದೇ ಕಾರಣ. ಇದಕ್ಕೆ ಮಿಡ್-ಲೆಂತ್ (ಸ್ವಲ್ಪ ಉದ್ದದ ಗ್ಯಾಸ್ ಟ್ಯೂಬಿನ) ಬ್ಯಾರೆಲ್ ಹಾಕಿಸಿದೆ, ಹೊಗೆಯ ಕಾಟ ಅರ್ಧಕ್ಕರ್ಧ ಇಳಿದಿದೆ.

ಲೆಕ್ಕ ಹೀಗಿದೆ. ಗುಂಡು ಬ್ಯಾರೆಲ್‌ನಲ್ಲಿ ಓಡುವಾಗ ಅದರ ಹಿಂದಿನ ಗ್ಯಾಸ್‌ನಲ್ಲಿ ಸ್ವಲ್ಪ ಭಾಗ ಸಣ್ಣ ತೂತಿನಿಂದ ಮೇಲೆದ್ದು, ತೆಳ್ಳನೆಯ ಟ್ಯೂಬ್ ಹಿಡಿದು ಹಿಂದೆ ಬಂದು ತೋಟೆ ಕೂರುವ ಚೇಂಬರ್ ಮುಚ್ಚುವ ಬೋಲ್ಟನ್ನು ಹೊತ್ತ ಬೋಲ್ಟ್ ಕ್ಯಾರಿಯರ್ ಅನ್ನು ತಳ್ಳುತ್ತದೆ. ಆ ತೂತು ಚೇಂಬರ್ ಕಡೆಯಿಂದ ಕಾರ್ಬೈನ್‌ನಲ್ಲಿ ಸುಮಾರು 7 ಇಂಚು, ಮಿಡ್-ಲೆಂತ್‌ನಲ್ಲಿ 9, ರೈಫಲ್-ಲೆಂತ್‌ನಲ್ಲಿ 12 ಇಂಚು ಮುಂದೆ ಇರುತ್ತದೆ. ಸೇನೆಯ ಎಂ4 ಬ್ಯಾರೆಲ್ 14.5 ಇಂಚು, ಅದಕ್ಕೆ ಕಾರ್ಬೈನ್ ಟ್ಯೂಬ್ ಹೊಂದುತ್ತದೆ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾವು ಸಾಮಾನ್ಯ ಜನ ವಿಶೇಷ ನೋಂದಣಿ ಇಲ್ಲದೆ ಇಟ್ಟುಕೊಳ್ಳುವ ರೈಫಲ್‌ನ ಬ್ಯಾರೆಲ್ ಕಡಿಮೆಯೆಂದರೂ 16 ಇಂಚು ಇರಬೇಕು. ಅದೇ 7 ಇಂಚಿನ ತೂತನ್ನು 16 ಇಂಚಿನ ಬ್ಯಾರೆಲ್‌ನಲ್ಲಿ ಕೊರೆದರೆ ಗುಂಡು ತೂತು ದಾಟಿದ ಮೇಲೂ 9 ಇಂಚು ಓಡಬೇಕು, ಅಷ್ಟು ಹೊತ್ತೂ ಗ್ಯಾಸ್ ನುಗ್ಗುತ್ತಲೇ ಇರುತ್ತದೆ. ಮೇಲಾಗಿ ಚೇಂಬರ್‌ಗೆ ಹತ್ತಿರವಾದಷ್ಟೂ ಒತ್ತಡ ಜಾಸ್ತಿ. ಕುಕ್ಕರಿನ ಪ್ರೆಶರ್ ಇಳಿಯುವ ಮೊದಲೇ ಮುಚ್ಚಳ ಎಳೆದ ಹಾಗೆ ಬೋಲ್ಟ್ ಬೇಗ ಬಿಚ್ಚಿಕೊಂಡು ಜೋರಾಗಿ ಹಿಂದಕ್ಕೆ ಬರುತ್ತದೆ. ಖಾಲಿ ತೋಟೆಯನ್ನು ಹೊರಗೆಳೆಯುವ ಕೊಕ್ಕೆ, ಎಕ್ಸ್‌ಟ್ರಾಕ್ಟರ್, ಬೇಗ ಸವೆಯುವುದೂ ಇದರಿಂದಲೇ.

ನಾನು ನಿರೀಕ್ಷಿಸದೇ ಇದ್ದ ಖುಷಿ ಸಿಕ್ಕಿದ್ದು ನೆಲದ ಮೇಲೆ. ಹಳೆಯ ರೈಫಲ್ ಖಾಲಿ ತೋಟೆಗಳನ್ನು ಮುಂದಕ್ಕೆ, ಪಕ್ಕದವರ ಬೆಂಚಿನ ಆಚೆಗೆ ಎಸೆಯುತ್ತಿತ್ತು. ಇದರದ್ದು ಬಲಕ್ಕೆ ಸ್ವಲ್ಪ ಹಿಂದೆ, ಗಡಿಯಾರದ ನಾಲ್ಕು ಗಂಟೆಯ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಗುಡ್ಡೆ ಬೀಳುತ್ತದೆ. ತೋಟೆಗಳನ್ನು ನಾನೇ ಮತ್ತೆ ತುಂಬಿಕೊಳ್ಳುವುದರಿಂದ ಹಿತ್ತಾಳೆ ನನಗೆ ದುಡ್ಡಿಗೆ ಸಮ. ಆ ಜಾಗದಲ್ಲಿ ಹಳೆಯ ಬೆಡ್‌ಶೀಟ್ ಹಾಸಿಡುತ್ತೇನೆ, ಕೊನೆಗೆ ನಾಲ್ಕೂ ಮೂಲೆ ಹಿಡಿದೆತ್ತಿ ಡಬ್ಬಿಗೆ ಸುರಿದರೆ ಮುಗಿಯಿತು. ಬಾಯಿ ಜಜ್ಜಿಹೋದ ತೋಟೆ ಈಗ ಅಪರೂಪ.

ಒದೆತವೂ ಮೆತ್ತಗಾಗಿದೆ. ಗುರಿ ತೋರಿಸುವ ರೆಡ್ ಡಾಟ್ ಸ್ವಲ್ಪ ಮೇಲೆದ್ದು, ಬಿಟ್ಟ ಜಾಗಕ್ಕೇ ವಾಪಸ್ ಬರುತ್ತದೆ. ಕೊಡಗಿನ ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್‌ಗೆ (ಆಯುಧ ಪೂಜಿಸುವ ಹಬ್ಬ) ತೋಕ್‌ಪೂ ಎಂಬ ಹೂವು ಮುಡಿಸಿ ಪೂಜಿಸುವ ಜೋಡು ನಳಿಗೆ ಕೋವಿಯ ಒದೆತಕ್ಕೆ ಹೊಂದಿದ ಭುಜಕ್ಕೆ ಎಆರ್‌ನ ಒದೆತ ಯಾವತ್ತೂ ದೊಡ್ಡದಾಗಿರಲಿಲ್ಲ. ಆದರೂ ಎರಡನೇ ಗುಂಡಿಗೆ ಮತ್ತೆ ಗುರಿ ಹುಡುಕಬೇಕಾಗಿಲ್ಲ ಎನ್ನುವುದು ದಿನವಿಡೀ ಹೊಡೆದಾಗ ಗೊತ್ತಾಗುತ್ತದೆ.

ರೇಂಜಿನಿಂದ ಬಂದ ಸಂಜೆ ಗ್ಯಾರೇಜಿನಲ್ಲಿ ಕಾಫಿ ಇಟ್ಟುಕೊಂಡು ಬೋಲ್ಟ್ ಬಿಚ್ಚುವುದು ನನಗೆ ಬಹಳ ಇಷ್ಟದ ಕೆಲಸ. ಹಳೆಯ ಪಂಚೆಯ ತುಂಡಿಗೆ ಎಣ್ಣೆ ಮುಟ್ಟಿಸಿ ಬೋಲ್ಟಿನ ಬಾಲದ ಮಸಿ ತಿಕ್ಕಿ, ಪುನಃ ಜೋಡಿಸಿ, ಬೋಲ್ಟನ್ನು ಹೊರಗೆಳೆದು ಅದರ ಮೂತಿಯ ಮೇಲೆ ಇಡೀ ಕ್ಯಾರಿಯರ್ ನಿಲ್ಲಿಸುತ್ತೇನೆ. ತನ್ನ ಭಾರಕ್ಕೇ ಕುಸಿದರೆ ಗ್ಯಾಸ್ ಸೋರದಂತೆ ಬೋಲ್ಟಿಗೆ ಹಾಕಿರುವ ಮೂರು ಗ್ಯಾಸ್ ರಿಂಗ್‌ಗಳೂ ಸವೆದಿವೆ ಎಂದರ್ಥ. ಇದು ಇನ್ನೂ ಗಟ್ಟಿಯಾಗಿ ನಿಲ್ಲುತ್ತಿದೆ.

ಇಷ್ಟು ಹೊಗಳಿದ ಮೇಲೆ ಚಳಿಗಾಲದ ಮಾತಿಗೆ ಬರಲೇಬೇಕು. ಬಡಗಣ ಗಾಳಿ ಬೀಸುವ ಬೆಳಗ್ಗೆ ಅಗ್ಗದ ಉಕ್ಕಿನ ಕವಚದ .223 ತೋಟೆ ಹಾಕಿದರೆ ಈ ರೈಫಲ್ ಮುನಿಸಿಕೊಳ್ಳುತ್ತದೆ. ಬೋಲ್ಟ್ ಪೂರ್ತಿ ಹಿಂದೆ ಬರುವುದಿಲ್ಲ, ಮ್ಯಾಗಜೀನ್ ಖಾಲಿಯಾದರೂ ತೆರೆದು ನಿಲ್ಲುವುದಿಲ್ಲ. ಹಿಂದೆ ಬರುವ ಕ್ಯಾರಿಯರ್‌ನ ವೇಗ ತಗ್ಗಿಸುವ ತೂಕದ ತುಂಡಿಗೆ ಬಫರ್ ಎನ್ನುತ್ತಾರೆ; ಭಾರದ ಎಚ್2 ಬಫರ್ ತೆಗೆದು 3 ಔನ್ಸಿನ ಮಾಮೂಲಿ ಬಫರ್ ಹಾಕಿದೆ. ವಾಸಿ ಎನ್ನಿಸಿತು, ಪೂರ್ತಿ ಗುಣ ಕಾಣಲಿಲ್ಲ. ಗ್ಯಾಸ್ ಪೋರ್ಟ್ (ಬ್ಯಾರೆಲ್‌ನ ಆ ತೂತು) ಎಷ್ಟು ಅಗಲ ಕೊರೆದಿದ್ದಾರೆ ಎಂದು ಬ್ಯಾರೆಲ್ ಮಾರಿದವರನ್ನು ಕೇಳಿದರೆ ‘ಮಿಲ್-ಸ್ಪೆಕ್’ (ಸೇನೆಯ ಮಾನದಂಡ) ಎಂಬ ಒಂದೇ ಪದದ ಉತ್ತರ ಬಂತು. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿದ ವಿಷಯ. ಟ್ಯೂಬ್ ಎಷ್ಟೇ ಉದ್ದವಿರಲಿ, ಒಳಗೆ ಎಷ್ಟು ಗ್ಯಾಸ್ ಬಿಡಬೇಕೆಂದು ತೀರ್ಮಾನಿಸುವುದು ಆ ತೂತು. ಕೊಳ್ಳುವವನಿಗೆ ಅದರ ಅಳತೆ ಹೇಳದೆ ಬರೀ ‘ಮಿಡ್-ಲೆಂತ್’ ಎಂದು ಮಾರುವುದು ಅರ್ಧ ಮಾಹಿತಿ.

2021ರಲ್ಲಿ ಅಮೆರಿಕ ಸರ್ಕಾರ ರಷ್ಯಾದ ತೋಟೆಗಳ ಆಮದಿಗೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿದ ಮೇಲೆ ಉಕ್ಕಿನ ತೋಟೆ ಮೊದಲಿನಷ್ಟು ಅಗ್ಗವೂ ಅಲ್ಲ. ನಾನು ಹಿತ್ತಾಳೆಗೇ ನಿಂತೆ, ಅದರಲ್ಲಿ ಈ ರೈಫಲ್ ಚಳಿಗೂ ತಕರಾರು ಮಾಡಿಲ್ಲ. ಸಿಕ್ಕ ಅಗ್ಗದ ತೋಟೆಯನ್ನೇ ಹೊಡೆಯುವ ಬಜೆಟ್ ನಿಮ್ಮದಾದರೆ ಕಾರ್ಬೈನ್ ತೆಗೆದುಕೊಂಡು, ಒದೆತ ಹೆಚ್ಚೆನಿಸಿದರೆ ಬಫರ್ ಭಾರ ಮಾಡಿಕೊಳ್ಳಿ. ಸದ್ದು ತಗ್ಗಿಸುವ ಸಪ್ರೆಸರ್ ಹಾಕುವ ಯೋಚನೆಯಿದ್ದರೆ ಮಿಡ್-ಲೆಂತ್ ಜೊತೆಗೆ ಗ್ಯಾಸ್ ಹೆಚ್ಚುಕಡಿಮೆ ಮಾಡಬಲ್ಲ ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್‌ಗೂ ದುಡ್ಡು ಎತ್ತಿಡಿ, ಇಲ್ಲದಿದ್ದರೆ ಹೋದ ಹೊಗೆಯೆಲ್ಲ ಮುಖಕ್ಕೇ ವಾಪಸ್ ಬರುತ್ತದೆ. ಎಡಗೈಯವರಾಗಿದ್ದರೆ, ದುಡ್ಡು ಹಾಕುವ ಮೊದಲು ಗೆಳೆಯರ ಮಿಡ್-ಲೆಂತ್‌ನಲ್ಲಿ ಒಂದು ಮ್ಯಾಗಜೀನ್ ಹೊಡೆದು, ಕನ್ನಡಕದ ಗಾಜು ಒರೆಸಿ ನೋಡಿ.