ಕುತ್ತಿಗೆ, ಮೇಲ್ಬೆನ್ನಿಗೆ ರಬ್ಬರ್ ಬ್ಯಾಂಡ್: ಎರಡು ಮಳೆಗಾಲ ಬಳಸಿದ ಮೇಲೆ

2 ಮೀಟರ್ ಉದ್ದ, 15 ಸೆಂ.ಮೀ. ಅಗಲದ ಲೇಟೆಕ್ಸ್ ಬ್ಯಾಂಡ್. ಹಗುರದ ಕೆಂಪು, ಅದಕ್ಕಿಂತ ಬಿಗಿಯಾದ ಹಸಿರು ಎರಡು ತುಂಡು, ಜೊತೆಗೆ ಬಾಗಿಲಿಗೆ ಸಿಕ್ಕಿಸುವ ಪಟ್ಟಿ. ಬ್ಯಾಂಡಿಗೆ ಪೂರ್ತಿ ಅಂಕ. ಬಾಗಿಲ ಪಟ್ಟಿ ಶಿರಸಿ ಕಡೆಯ ಹಳೆ ಮನೆಗಳಿಗೆ ಆಗಿಬರುವುದಿಲ್ಲ. ಎರಡು ಕದದ ಬಾಗಿಲಿನ ಸಂದಿಯಲ್ಲಿ ಅದು ನಿಲ್ಲದು, ಜಾರಿದರೆ ನೇರ ಮುಖಕ್ಕೆ ಬಡಿಯುತ್ತದೆ. ಜಗಲಿಯ ಕಂಬವೇ ವಾಸಿ. ಕಂಬದ ಅಂಚು ಚೂಪಾಗಿದ್ದರೆ ಹಳೆ ಪಂಚೆಯ ತುಂಡು ಸುತ್ತಿ, ಅದರ ಮೇಲೆ ಬ್ಯಾಂಡ್ ಹಾಯಿಸಿ.

ಮೆಟ್ಟುಗತ್ತಿ ಮುಂದೆ ಕೂತು ದಿನವಿಡೀ ಅಡಿಕೆ ಸುಲಿಯುವವರಿಗೂ, ಕಾರವಾರದ ದಡದಲ್ಲಿ ಬಲೆ ಸರಿಮಾಡುವವರಿಗೂ ನೋವು ಹುಟ್ಟುವುದು ಒಂದೇ ರೀತಿ: ತಲೆ ಮುಂದೆ, ಹೆಗಲು ಮುಂದೆ. ಎಣ್ಣೆ ತಿಕ್ಕಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ಮರುದಿನ ಮತ್ತೆ ಅದೇ. ರೆಕ್ಕೆಮೂಳೆಗಳನ್ನು (ಮೇಲ್ಬೆನ್ನಿನ ಎರಡೂ ಬದಿಯ ಚಪ್ಪಟೆ ಮೂಳೆ) ಹಿಂದಕ್ಕೆ ಹಿಡಿಯುವ ಸ್ನಾಯುಗಳಿಗೆ ಬಲ ಬರಬೇಕು. ಬ್ಯಾಂಡ್ ಬೇಕಾಗುವುದು ಅದಕ್ಕೇ.

ಕಂಬಕ್ಕೆ ಹಾಯಿಸಿದ ಕೆಂಪು ಬ್ಯಾಂಡ್ ಎದೆಯ ಮಟ್ಟದಲ್ಲಿರಲಿ. ಎರಡೂ ತುದಿ ಹಿಡಿದು, ಬ್ಯಾಂಡ್ ಸಡಿಲವಿಲ್ಲದಷ್ಟು ಹಿಂದೆ ಸರಿದು ನಿಲ್ಲಿ. ಮೊದಲು ರೆಕ್ಕೆಮೂಳೆಗಳನ್ನು ಹಿಂದಕ್ಕೆ, ಕೆಳಕ್ಕೆ ಸೇರಿಸಿ, ಆಮೇಲೆ ಮೊಣಕೈ ಎಳೆಯಿರಿ. 2 ಸೆಕೆಂಡ್ ತಡೆದು, ಮೂರೆಣಿಸುತ್ತ ಬಿಡಿ. 12 ಸಲದಂತೆ 2 ಸುತ್ತು, ವಾರಕ್ಕೆ 3 ದಿನ. ಬಹಳಷ್ಟು ಜನ ಇಲ್ಲೇ ತಪ್ಪುತ್ತಾರೆ: ಎಳೆಯುವಾಗ ಹೆಗಲು ಕಿವಿಯತ್ತ ಏರಿಬಿಡುತ್ತದೆ. ಆಗ ಮೊದಲೇ ಬಿಗಿದಿರುವ ಕುತ್ತಿಗೆಯ ಸ್ನಾಯುವೇ ಮತ್ತೆ ದುಡಿಯುತ್ತದೆ, ನೋವು ಹೆಚ್ಚುತ್ತದೆ. ಹೆಗಲು ಏರಿತೋ, ಬ್ಯಾಂಡ್ ಬಿಗಿ ಜಾಸ್ತಿಯಾಯಿತು ಎಂದೇ ಅರ್ಥ; ಒಂದು ಹೆಜ್ಜೆ ಮುಂದೆ ಬನ್ನಿ. 15 ಸಲ ಸಲೀಸಾದ ಮೇಲೆ ಹಸಿರು.

ಕುತ್ತಿಗೆಗೆ ಕೆಂಪೇ ಸಾಕು. ಕಿವಿಯ ಮಟ್ಟದಲ್ಲಿ ತಲೆಯ ಹಿಂದೆ ಬ್ಯಾಂಡ್ ಹಾಯಿಸಿ, ತುದಿಗಳನ್ನು ಮುಂದೆ ಹಿಡಿದು, ಗದ್ದ ಒಳಕ್ಕೆಳೆದುಕೊಂಡು ತಲೆಯನ್ನು ನೇರ ಹಿಂದಕ್ಕೆ ಒಯ್ಯಿರಿ. ಮುಖ ಮೇಲೆತ್ತಬಾರದು. 5 ಸೆಕೆಂಡಿನಂತೆ 8 ಸಲ.

ಕೈಗೆ ಜೋಮು ಇಳಿಯುತ್ತಿದ್ದರೆ, ಹಿಡಿತ ಸಡಿಲವಾಗಿದ್ದರೆ, ನಡಿಗೆ ತಪ್ಪುತ್ತಿದ್ದರೆ ಬ್ಯಾಂಡ್ ಮುಟ್ಟದೆ ಡಾಕ್ಟರರ ಹತ್ತಿರ ಹೋಗಿ.

ಇನ್ನು ಬಾಳಿಕೆ. ಕರಾವಳಿಯಲ್ಲಿ ಇದನ್ನು ಕೊಲ್ಲುವುದು ಮಳೆಗಿಂತ ಹೆಚ್ಚಾಗಿ ತೆಂಗಿನೆಣ್ಣೆ. ತಲೆಗೆ ಹಚ್ಚಿದ ಕೈಯಲ್ಲೇ ಹಿಡಿದರೆ ರಬ್ಬರ್ ಎಣ್ಣೆ ಕುಡಿದು ಉಬ್ಬಿ, ಮೆತ್ತಗಾಗಿ ಹರಿಯುತ್ತದೆ. ಕೈ ಸೋಪಿನಲ್ಲಿ ತೊಳೆದೇ ಶುರುಮಾಡಿ. ತಲೆಗೆ ಎಣ್ಣೆ ಹಚ್ಚಿದ ದಿನ ಕುತ್ತಿಗೆಯದು ಬೇಡ, ಇಲ್ಲವೇ ಟವೆಲ್ ಸುತ್ತಿಕೊಂಡು ಮಾಡಿ. ಬೆವರು ಹತ್ತಿದರೆ ಬರೀ ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ; ಅಂಗಳದ ಬಿಸಿಲು ಬೇಡ. ಮಳೆಗಾಲದಲ್ಲಿ ಮಡಿಕೆಗಳು ಒಂದಕ್ಕೊಂದು ಅಂಟುತ್ತವೆ, ಬಿಡಿಸಲು ಎಳೆದರೆ ಚರ್ಮ ಸುಲಿದಂತೆ ಕೀಳುತ್ತದೆ. ಟಾಲ್ಕಮ್ ಪೌಡರ್ ಸವರಿ, ಸಡಿಲವಾಗಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಡಿ. ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ಅಂಚು ನೋಡಿ. ಕೈಗೆ ಸುತ್ತಿಕೊಳ್ಳುವ ಜಾಗದಲ್ಲೇ ಮೊದಲು ಸೂಜಿ ತೂತು ಕಾಣುವುದು. ತುದಿಯಲ್ಲಿದ್ದರೆ ಅಷ್ಟನ್ನು ಕತ್ತರಿಸಿ ತೆಗೆಯಬಹುದು, ನಡುವೆ ಅಂಚು ಸೀಳಿದ್ದರೆ ಬ್ಯಾಂಡನ್ನೇ ಎಸೆಯಿರಿ.