‘ಡೈರೆಕ್ಟ್ ಮಾಡ್ಲೇನ್ರಿ?’ ಅಂದ್ರೆ ‘ಬ್ಯಾಡ’ ಅನ್ರಿ

ನಮ್ಮ ಅವ್ವನ ಬಲಗೈ ಮಣಿಕಟ್ಟಿನಲ್ಲಿ ಈಗ ಒಂದು ಸ್ಟೀಲ್ ಪ್ಲೇಟ್ ಇದೆ. ಹಳೇ ವಾಷಿಂಗ್ ಮಷಿನ್ ಕೈ ಮುರಿಯಿತು ಅಂತ ಓಣಿಯವರೆಲ್ಲ ಹೇಳುತ್ತಾರೆ. ಮಷಿನ್ ತಾನಾಗಿ ಏನೂ ಮಾಡಲಿಲ್ಲ. ಜುಲೈ ತಿಂಗಳ ಒಂದು ಸಂಜೆ “ಆತು, ಮಾಡಿಬಿಡ್ರಿ” ಅಂದವನು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮನೆ ಇರುವುದು ಬೆಳಗಾವಿಯ ವಡಗಾವಿಯಲ್ಲಿ. ಮಷಿನ್ ಅಪ್ಪ 1997ರಲ್ಲಿ ತಂದದ್ದು. ತಗಡಿನ ಮೈ, ಎರಡು ಟಬ್. ಒಂದು ಒಗೆಯಲು, ಇನ್ನೊಂದು ನೀರು ಹಿಂಡಲು. ಹಿಂಡುವ ಟಬ್ಬಿಗೆ ನಾವೆಲ್ಲ ಡ್ರೈಯರ್ ಅಂತೇವೆ, ಅದು ಬಟ್ಟೆ ಒಣಗಿಸುವುದೇನೂ ಇಲ್ಲ, ಗರಗರ ತಿರುಗಿಸಿ ನೀರು ಹೊರಗೆ ಎಸೆಯುತ್ತದೆ ಅಷ್ಟೇ. ಗುಜರಿಗೆ ಹಾಕೋಣ ಅಂದಾಗಲೆಲ್ಲ ಅವ್ವ “ನಾ ಇರೂತನಕ ಇರಲಿ” ಅನ್ನುತ್ತಿದ್ದಳು. ನನಗೂ ಹಳೆಯ ಸಾಮಾನು ಬಿಚ್ಚಿ ಕೂಡಿಸುವ ಹುಚ್ಚು. ಒಗೆಯುವ ಕಡೆಯ ಬೆಲ್ಟ್ ನಾನೇ ಬದಲಿಸಿದ್ದೆ. ತಳದ ತುಕ್ಕು ಕೆರೆದು ಬಣ್ಣ ಹೊಡೆದಿದ್ದೆ. ಎಲ್ಲ ಗೊತ್ತು ಅನ್ನುವ ಧಿಮಾಕು ಆಗಲೇ ಬಂದಿತ್ತು.

ಬೆಳಗಾವಿಯ ಜುಲೈ ನಿಮಗೆ ಗೊತ್ತಲ್ವಾ. ದಿನವಿಡೀ ಜಿಟಿಜಿಟಿ. ಬಿಸಿಲಿನ ಮುಖವೇ ಇಲ್ಲ. ಹಗ್ಗದ ಮೇಲೆ ಹಾಕಿದ ಅರಿವಿ ಮೂರು ದಿನ ಆದರೂ ಹಸಿ, ನಾಲ್ಕನೇ ದಿನ ವಾಸನೆ. ಅಂಥ ಹೊತ್ತಿನಲ್ಲೇ ಡ್ರೈಯರ್ ಕೈಕೊಟ್ಟಿತು. ಮೊದಲು ಮುಚ್ಚಳ ಒತ್ತಿ ಹಿಡಿದರೆ ಮಾತ್ರ ಶುರುವಾಗುತ್ತಿತ್ತು. ಆಮೇಲೆ ಬರೀ ‘ಗುಂಯ್’ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಸುಟ್ಟ ವಾಸನೆಯೂ ಬಂತು. ನನಗೆ ಆಫೀಸಿನ ಕೆಲಸ ಜಾಸ್ತಿ ಇತ್ತು, ಹಾಗಾಗಿ ಪರಿಚಯದವರು ಹೇಳಿದ ಒಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

ಅವರು ಬಂದು ಹಿಂದಿನ ತಗಡು ಬಿಚ್ಚಿದರು, ಟಾರ್ಚ್ ಹಾಕಿ ನೋಡಿದರು. “ಬ್ರೇಕ್ ಹಿಡ್ದೈತ್ರಿ ಸರ. ಮುಚ್ಚಳದ ಸ್ವಿಚ್ಚೂ ಹೋಗೈತಿ. ಹಳೇ ಮಾಡೆಲ್, ಸ್ಪೇರ್ ಸಿಗೂದಿಲ್ಲ. ಡೈರೆಕ್ಟ್ ಮಾಡ್ಲೇನ್ರಿ?”

“ಏನರ ಆಗತೈತೇನು?”

“ಏನೂ ಆಗಂಗಿಲ್ಲ ಬಿಡ್ರಿ. ನಿಂತಮ್ಯಾಲೆ ಕೈ ಹಾಕೂದು, ಅಷ್ಟ.”

ಹದಿನೈದು ನಿಮಿಷ, ನಾನೂರು ರೂಪಾಯಿ. ಡ್ರೈಯರ್ ಹೊಸದರಂತೆ ತಿರುಗಿತು. ಅವ್ವ ಖುಷಿಯಾಗಿ ಅವರಿಗೆ ಚಹಾ, ಚುರಮುರಿ ಕೊಟ್ಟಳು.

ಈ ‘ಡೈರೆಕ್ಟ್’ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಮುಚ್ಚಳದ ಸ್ವಿಚ್ಚನ್ನು ತಪ್ಪಿಸಿ ಕರೆಂಟನ್ನು ಸೀದಾ ಮೋಟರಿಗೆ ಕೊಡುವುದು, ಮುಚ್ಚಳ ಎತ್ತಿದರೂ ಅದು ಓಡುತ್ತಲೇ ಇರುತ್ತದೆ. ಡ್ರೈಯರ್ ಟಬ್ಬಿಗೆ ಬೆಲ್ಟ್ ಇರುವುದಿಲ್ಲ. ಕೆಳಗಿನ ಮೋಟರಿಗೆ ನೇರವಾಗಿ ಜೋಡಿಸಿರುತ್ತಾರೆ. ಮೋಟರ್ ನಿಮಿಷಕ್ಕೆ ಸುಮಾರು 1,350 ಸುತ್ತು ತಿರುಗಿದರೆ ಟಬ್ಬೂ ಅಷ್ಟೇ ತಿರುಗುತ್ತದೆ, ಅಂದರೆ ಸೆಕೆಂಡಿಗೆ ಇಪ್ಪತ್ತೆರಡು ಸುತ್ತು. ಇದರ ಎದುರು ನಮ್ಮ ಕೈ ಕಾಯಲು ಇರುವುದು ಎರಡೇ ಸಾಮಾನು, ಎರಡೂ ಮುಚ್ಚಳಕ್ಕೆ ಕಟ್ಟಿದಂಥವು. ಒಂದು ಮುಚ್ಚಳದ ಸ್ವಿಚ್. ಮುಚ್ಚಳ ಎತ್ತಿದ ತಕ್ಷಣ ಅದು ಮೋಟರಿನ ಕರೆಂಟ್ ಕಡಿಯುತ್ತದೆ. ಇನ್ನೊಂದು ಬ್ರೇಕ್. ಮುಚ್ಚಳ ಮುಚ್ಚಿದಾಗ ಒಂದು ತಂತಿ ಬ್ರೇಕನ್ನು ದೂರ ಎಳೆದು ಹಿಡಿದಿರುತ್ತದೆ. ಎತ್ತಿದರೆ ತಂತಿ ಸಡಿಲ, ಸ್ಪ್ರಿಂಗ್ ಬ್ರೇಕನ್ನು ಡ್ರಮ್ಮಿಗೆ ಒತ್ತುತ್ತದೆ, ಟಬ್ ಗಕ್ಕನೆ ನಿಲ್ಲುತ್ತದೆ. ನಮ್ಮದು ಹೊಸದಿದ್ದಾಗ ನಾಲ್ಕೈದು ಸೆಕೆಂಡಿನಲ್ಲಿ ನಿಲ್ಲುತ್ತಿತ್ತು.

ವರ್ಷ ಕಳೆದಂತೆ ತಂತಿ ಹಿಗ್ಗುತ್ತದೆ. ಆಗ ಮುಚ್ಚಳ ಮುಚ್ಚಿದರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಮೋಟರ್ ಬ್ರೇಕಿನ ವಿರುದ್ಧ ತಿಣುಕುತ್ತದೆ. ಆ ‘ಗುಂಯ್’, ಆ ಸುಟ್ಟ ವಾಸನೆ ಅದೇ. ಮೋಟರ್ ಶುರುವಾಗಲು ಬೇಕಾದ ಕೆಪಾಸಿಟರ್ ಹೋದರೂ ಇದೇ ಸಪ್ಪಳ ಬರುತ್ತದೆ, ಹಾಗಾಗಿ ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚಿ, ಟಬ್ಬಿನ ಕೆಳಗಿನ ಬ್ರೇಕ್ ಡ್ರಮ್ಮನ್ನು ಕೈಯಿಂದ ತಿರುಗಿಸಿ ನೋಡಬೇಕು. ಮುಚ್ಚಳ ಮುಚ್ಚಿದ್ದಾಗ ಅದು ಹಗುರಾಗಿ ತಿರುಗಬೇಕು. ಬಿಗಿಯಿದ್ದರೆ ಬ್ರೇಕ್, ಹಗುರಿದ್ದರೆ ಕೆಪಾಸಿಟರ್ ಇಲ್ಲವೇ ಮೋಟರ್. ತಂತಿ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ ನಮ್ಮ ಮೆಕ್ಯಾನಿಕ್ ಬ್ರೇಕನ್ನೇ ಬಿಚ್ಚಿ ಒಯ್ದಿದ್ದರು. ಸ್ವಿಚ್ಚಿನ ಎರಡು ತಂತಿ ಸೇರಿಸಿ ತಿರುವಿ ಟೇಪ್ ಸುತ್ತಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಸ್ಪತ್ರೆಯಿಂದ ಬಂದ ಮೇಲೆ.

ಹನ್ನೆರಡು ದಿನ ಏನೂ ಆಗಲಿಲ್ಲ. ಮಷಿನ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಅನ್ನುತ್ತಿತ್ತು, ಅಷ್ಟೇ. ಹೆಂಡತಿ ಹೇಳಿದಳು, ನಾನು ಮತ್ತೆ ಫೋನ್ ಮಾಡಿದೆ. “ಮಳಿಗಾಲ ಅಲ್ರಿ, ಅಕ್ಕಾರಿಗೆ ಚಪ್ಪಲ್ ಹಾಕ್ಕೋ ಅನ್ರಿ” ಎಂಬ ಉತ್ತರ ಬಂತು. ನಾನು ಅದನ್ನೂ ನುಂಗಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹದಿಮೂರನೇ ದಿನ ಅವ್ವ ಡ್ರೈಯರಿಗೆ ಟವೆಲ್ ಹಾಕಿ ಐದು ನಿಮಿಷಕ್ಕೆ ಟೈಮರ್ ತಿರುಗಿಸಿದ್ದಳು. ಅಷ್ಟರಲ್ಲಿ ಬಾಗಿಲಿಗೆ ಯಾರೋ ಬಂದರು. ಹೋಗಿ ಮಾತಾಡಿ ವಾಪಸ್ ಬಂದಳು. ಪಕ್ಕದ ಮನೆಯಲ್ಲಿ ಮಗ್ಗ ನಡೆದಿತ್ತು. ನಮ್ಮ ಕಡೆ ಪವರ್‌ಲೂಮ್ ಸಪ್ಪಳದಲ್ಲಿ ಎದುರಿನವರ ಮಾತೇ ಕೇಳುವುದಿಲ್ಲ, ಮಷಿನ್ ಸಪ್ಪಳ ಎಲ್ಲಿ ಕೇಳಬೇಕು. ಬಚ್ಚಲಿನಲ್ಲಿ ಹಳೆಯ ಚೋಕ್‌ನ ಟ್ಯೂಬ್‌ಲೈಟ್. ಅವ್ವ ಇಪ್ಪತ್ತೈದು ವರ್ಷದಿಂದ ಮಾಡಿದ ಹಾಗೇ ಮಾಡಿದಳು. ಎಡಗೈಯಿಂದ ಮುಚ್ಚಳ ಎತ್ತಿದಳು, ನಾಲ್ಕೈದು ಸೆಕೆಂಡ್ ಬಿಟ್ಟು ಬಲಗೈ ಒಳಗೆ ಹಾಕಿದಳು.

ಟವೆಲಿನ ಅಂಚು ಬೆರಳಿಗೆ ಸುತ್ತಿತು. ಟಬ್ ಓರೆಯಾಗಿ ಮಷಿನ್ ಇಡೀ ಕುಣಿಯಿತು. ಹೆಂಡತಿ ಓಡಿಬಂದು ಪ್ಲಗ್ ಕಿತ್ತಳು. ಮಣಿಕಟ್ಟಿನ ಹತ್ತಿರ ಮುಂಗೈಯ ಎರಡೂ ಎಲುಬು ಮುರಿದಿದ್ದವು, ಕಿರುಬೆರಳು ಕೀಲು ತಪ್ಪಿತ್ತು. ಬಚ್ಚಲಿನ ನೆಲದ ಮೇಲೆ ಕೂತುಕೊಂಡು ಅವ್ವ ಹೇಳಿದ ಮೊದಲ ಮಾತು “ನಂದ ತಪ್ಪು, ನೋಡಲಿಲ್ಲ ನಾ” ಅಂತ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಆಕೆಯ ಕೈ ತಪ್ಪು ಮಾಡಿರಲಿಲ್ಲ. ಮುಚ್ಚಳ ಎತ್ತಿದರೆ ನಿಲ್ಲುತ್ತದೆ ಅಂತ ಆ ಮಷಿನ್ನೇ ಕಲಿಸಿತ್ತು. ನಾವು ಮಷಿನ್ ಬದಲಿಸಿದೆವು, ಕೈಗೆ ಹೇಳಲಿಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ನಿಂತಮ್ಯಾಲೆ ಕೈ ಹಾಕೂದು ಅಂತ ಹೇಳಿದ್ನಲ್ರಿ” ಅಂದರು. ಹೇಳಿದ್ದು ಹೌದು. ಜಗಳ ಆಡುವ ಬಾಯಿ ನನಗೆ ಉಳಿದಿರಲಿಲ್ಲ.

ಅವ್ವ ಆಸ್ಪತ್ರೆಯಿಂದ ಬಂದ ವಾರಕ್ಕೆ ಮಷಿನ್ ಬಿಚ್ಚಿದೆ. ಮೊದಲು ಪ್ಲಗ್ ನೋಡಿ ತಲೆ ತಿರುಗಿತು. ಮೂರು ಪಿನ್ನಿನ ಪ್ಲಗ್ಗೇ, ಆದರೆ ಒಳಗೆ ಹಸಿರು ತಂತಿ ಕತ್ತರಿಸಿ ಬಿಟ್ಟಿದ್ದರು. ಅರ್ಥಿಂಗ್ ಇರಲೇ ಇಲ್ಲ. ಯಾವಾಗ ಯಾರು ಕತ್ತರಿಸಿದರೋ, ಬಹುಶಃ ಹಿಂದೆಂದೋ ಜುಮ್ ಅಂದಾಗಿನ ‘ರಿಪೇರಿ’. ಡ್ರೈಯರ್ ಟಬ್ಬಿನ ಕೆಳಗಿನ ರಬ್ಬರ್ ಸೀಲ್ ಸೀಳಿ, ಸಾಬೂನಿನ ನೀರು ಸೀದಾ ಮೋಟರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಜುಮ್ ಅನ್ನುತ್ತಿದ್ದದ್ದು ಮಳೆಗಾಲದಿಂದ ಅಲ್ಲ, ಇದರಿಂದ. ತಗಡಿನ ಮೈ, ಹಸಿ ನೆಲ, ಅರ್ಥಿಂಗ್ ಇಲ್ಲ. ಕೈ ಮುರಿದಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ ಅನ್ನಬೇಕು.

ಇನ್ನು ‘ಸಿಗೂದಿಲ್ಲ’ ಅಂದ ಸ್ಪೇರ್. ಹಳೇ ಸ್ವಿಚ್ ಜೇಬಿನಲ್ಲಿಟ್ಟುಕೊಂಡು ಗಣಪತಿ ಗಲ್ಲಿ ಸುತ್ತಮುತ್ತ ಹುಡುಕಿದೆ. ಮೂರನೇ ಅಂಗಡಿಯಲ್ಲಿ ಸಿಕ್ಕಿತು, ತೊಂಬತ್ತು ರೂಪಾಯಿ. ರಬ್ಬರ್ ಸೀಲಿಗೂ ಕಂಪನಿ ಹೆಸರು ಬೇಕಾಗಲಿಲ್ಲ. ಹಳೆಯದನ್ನೇ ಒಯ್ದು, ನಡುವಿನ ತೂತು ಮತ್ತು ಹೊರಗಿನ ಅಳತೆ ಕೂಡಿಸಿ ತಂದೆ. ಬ್ರೇಕ್ ಮಾತ್ರ ಗುಜರಿಯ ಇನ್ನೊಂದು ಮಷಿನ್ನಿನಿಂದ ಸಿಕ್ಕಿತು. ಅದರ ಸವೆದ ಪಿನ್ನನ್ನು ಉದ್ಯಮಬಾಗದ ಒಬ್ಬ ಲೇಥ್‌ನವರು (ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರದವರು) ಹೊಸದಾಗಿ ಮಾಡಿಕೊಟ್ಟರು. ಕಥೆ ಕೇಳಿ ಅವರೊಂದು ಮಾತು ಹೇಳಿದರು. ಚೋಕ್‌ನ ಟ್ಯೂಬ್‌ಲೈಟ್ ನಮ್ಮ ಕಣ್ಣಿಗೆ ಕಾಣದ ಹಾಗೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕೆಲವು ವೇಗಕ್ಕೆ ತಿರುಗುವ ಸಾಮಾನು ಅದರ ಕೆಳಗೆ ನಿಧಾನ ತಿರುಗಿದಂತೆ, ನಿಂತೇಬಿಟ್ಟಂತೆ ಕಾಣುತ್ತದೆ. “ಅದಕ್ಕ ಲೇಥ್ ಮ್ಯಾಲೆ ಸಾದಾ ಬಲ್ಬ್ ಹಾಕೂದ್ರಿ” ಅಂದರು. ಅವ್ವ ನೋಡಿಯೂ ಇದ್ದಿರಬಹುದು, ಯಾರಿಗೆ ಗೊತ್ತು.

ನಿಮ್ಮ ಮನೆಯಲ್ಲಿ ಇಂಥ ಮಷಿನ್ ಇದ್ದರೆ ಇವತ್ತೇ ಒಮ್ಮೆ ನೋಡಿ. ಖಾಲಿ ಡ್ರೈಯರ್ ಓಡಿಸಿ, ಕೈ ದೂರ ಇಟ್ಟು ಮುಚ್ಚಳ ಎತ್ತಿ. ಮೋಟರ್ ಓಡುತ್ತಲೇ ಇದ್ದರೆ ಸ್ವಿಚ್ ಕೆಟ್ಟಿದೆ, ಇಲ್ಲವೇ ಯಾರೋ ಡೈರೆಕ್ಟ್ ಮಾಡಿದ್ದಾರೆ. ಮೋಟರ್ ಬಂದ್ ಆಗಿಯೂ ಟಬ್ ಸುಮ್ನೆ ಸುತ್ತುತ್ತಿದ್ದರೆ ಬ್ರೇಕ್ ಇಲ್ಲ, ಇಲ್ಲವೇ ಹಿಡಿಯುತ್ತಿಲ್ಲ. ನೀವೇ ಬಿಚ್ಚುವವರಾದರೆ ಪ್ಲಗ್ ಕಿತ್ತು, ಕೆಪಾಸಿಟರಿನ ಎರಡು ತುದಿಗೆ ಹೋಲ್ಡರಿಗೆ ಹಾಕಿದ ಹಳೇ ಕಾಲದ ಫಿಲಮೆಂಟ್ ಬಲ್ಬಿನ ಎರಡು ವೈರ್ ಮುಟ್ಟಿಸಿ ಖಾಲಿ ಮಾಡಿಕೊಳ್ಳಿ, ಕರೆಂಟ್ ಇಲ್ಲದಾಗಲೂ ಅದು ಹೊಡೆಯುತ್ತದೆ. ಸ್ವಿಚ್ಚಿನ ತಂತಿ ಬಿಡಿಸಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಹಿಡಿದು ನೋಡಿ. ಮುಚ್ಚಳ ಮುಚ್ಚಿದಾಗ ಬೀಪ್ ಬರಬೇಕು, ಎತ್ತಿದಾಗ ಬರಬಾರದು. ಮೆಕ್ಯಾನಿಕ್ ಬಂದರೆ ಬಿಚ್ಚಿದ ಹಳೇ ಸಾಮಾನೆಲ್ಲ ಕೇಳಿ ಇಟ್ಟುಕೊಳ್ಳಿ. ನಮ್ಮ ಬ್ರೇಕ್ ಹೋದದ್ದು ನನಗೆ ಗೊತ್ತಾಗದೇ ಇದ್ದದ್ದು ನಾನು ಕೇಳದೇ ಇದ್ದದ್ದಕ್ಕೆ. ಬಚ್ಚಲಿನ ಲೈನಿಗೆ ನಾನು ಈಗ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸಿದ್ದೇನೆ, ಅರ್ಥಿಂಗ್ ಹೊಸದಾಗಿ ಎಳೆಸಿದ್ದೇನೆ. ಮಷಿನ್ ರಿಪೇರಿಗಿಂತ ಜಾಸ್ತಿ ಖರ್ಚಾಯಿತು.

ಮಷಿನ್ ಈಗ ಮುಚ್ಚಳ ಎತ್ತಿದರೆ ನಾಲ್ಕು ಸೆಕೆಂಡಿಗೆ ನಿಲ್ಲುತ್ತದೆ. ಅವ್ವ ಮಾತ್ರ ಡ್ರೈಯರ್ ಹತ್ತಿರ ಹೋಗುವುದಿಲ್ಲ. ಎಡಗೈಯಲ್ಲೇ ಹಿಂಡಿ ಹಾಕುತ್ತಾಳೆ.

ಮೊನ್ನೆ ಭಾನುವಾರ ಹಿಂದಿನ ಗಲ್ಲಿಯ ವೈನಿ ಈ ವಿಷಯ ಕೇಳಿ, “ನಮ್ದೂ ನೋಡ್ರಿ ಒಂದ್ಸಲ, ಅದೂ ಹಳೇದ ಐತಿ” ಅಂತ ಕರೆದರು. ಡ್ರೈಯರ್ ಹಚ್ಚಿ, ಅವರನ್ನು ದೂರ ನಿಲ್ಲಿಸಿ, ಮುಚ್ಚಳ ಎತ್ತಿದೆ. ಒಂದು, ಎರಡು ಅಂತ ಎಣಿಸಿದೆ. ನಲವತ್ತಕ್ಕೂ ಅದು ತಿರುಗುತ್ತಲೇ ಇತ್ತು. ಅವರ ಆರು ವರ್ಷದ ಮಗಳು ಬಚ್ಚಲಿನ ಬಾಗಿಲಲ್ಲಿ ನಿಂತು ನನ್ನ ಜೊತೆ ಎಣಿಸುತ್ತಿದ್ದಳು. ಪ್ಲಗ್ ಕಿತ್ತು, ಕತ್ತರಿ ಕೇಳಿ, ಪ್ಲಗ್ಗಿನ ವೈರ್ ಕತ್ತರಿಸಿ ಬಂದೆ.